ಹುಣಸೆ ಎಲೆ ಕೂಡುವ ಮೊದಲು

ಮೂಡಲಗಿಯಿಂದ ಹುಕ್ಕೇರಿಗೆ ಸೊಸೆಯಾಗಿ ಬಂದ ಮೇಲೆ ನನಗದು ಮೊದಲ ಮಳೆಗಾಲ. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಲೆಗೂ ಬಾಯಿಗೂ ಕೆಲಸವಿಲ್ಲ. ಅತ್ತೆಯ ನೇಮ ಇನ್ನೂ ಬಿಗಿ. ಚಾತುರ್ಮಾಸದ ನಾಲ್ಕು ತಿಂಗಳು ದಿನಕ್ಕೆ ಒಂದೇ ಊಟ, ಆಗಲೇ ನೀರು. ಅದು ತಪ್ಪಿದರೆ ಮರುದಿನದವರೆಗೆ ಒಂದು ಗುಟುಕೂ ಇಲ್ಲ.

ಆ ವಾರ ಗೋಡೆಯ ಗಡಿಯಾರ ನಿಂತುಹೋಗಿ, ಮನೆಯವರು ರಿಪೇರಿಗೆಂದು ಗೋಕಾಕಿಗೆ ಒಯ್ದಿದ್ದರು. "ಗಡಿಯಾರ ಇಲ್ಲಂದ್ರೇನಾತು, ನನ್ನ ಹೀರಿಬಳ್ಳಿ ಐತಿ" ಎಂದರು ಅತ್ತೆ. ಮನೆಯ ಹಿಂಗೋಡೆಗೆ ಹಬ್ಬಿದ ಹೀರೆ ಸಂಜೆಯಾಗುತ್ತಲೇ ಹಳದಿ ಹೂವು ಬಿಚ್ಚುತ್ತದೆ. ಹೂವು ಬಿಚ್ಚಿತೆಂದರೆ ಅವರು ಊಟಕ್ಕೆ ಕೂಡುತ್ತಿರಲಿಲ್ಲ.

ಆ ವಾರವೇ ಚತುರ್ದಶಿ ಬಂತು; ಅಂದು ಅತ್ತೆಗೆ ನೀರೂ ಇಲ್ಲದ ನಿಟ್ಟುಪವಾಸ. ಮರುದಿನ ಮಧ್ಯಾಹ್ನವೇ ಉಣಬೇಕಾಗಿತ್ತು. ಆದರೆ ಬೆಳಗಿನಿಂದ ಹಿಡಿದ ಮಳೆ ಬಿಡಲಿಲ್ಲ. ನಮ್ಮಲ್ಲಿ ಪ್ರತಿ ಕಟ್ಟಿಗೆಯನ್ನೂ ನೆಲಕ್ಕೆ ಕುಟ್ಟಿ, ಹುಳ ಇಲ್ಲವೆಂದು ನೋಡಿಯೇ ಒಲೆಗೆ ಇಡುತ್ತೇವೆ. ಅಂದು ಯಾವುದನ್ನು ಕುಟ್ಟಿದರೂ ಬಿಳಿ ಹುಳ ಉದುರುತ್ತಿದ್ದವು. ಒಂದೊಂದಾಗಿ ಎತ್ತಿ ದನದ ಕೊಟ್ಟಿಗೆಯಲ್ಲಿ ಇಟ್ಟು ಬಂದೆ. ತೇವ ಹಿಡಿದ ಸಗಣಿಕುಳ್ಳು ಹಚ್ಚಿದರೆ ಬರೀ ಹೊಗೆ.

ಬಾಜೂ ಮನೆಯ ಕುರುಬರ ಅವ್ವ ಗೋಡೆಯ ಮೇಲಿಂದ ಇಣುಕಿದಳು. "ಮುಂಜಾನಿಂದ ಕುಟ್ಟೇ ಕುಟ್ಟಾಕತ್ತಿ. ಒಲಿ ಹಚ್ಚತಿಯೋ, ಒಳ್ಳಾಗ ಖಾರ ಕುಟ್ಟತಿಯೋ?" ಎಂದು ನಗಾಡಿ, ಒಂದು ಹೊರೆ ಒಣ ತೊಗರಿಕಟ್ಟಿಗೆ ಕೊಟ್ಟಳು. ಅದನ್ನೂ ಕುಟ್ಟಿ ನೋಡಿದೆ. ಹುಳ ಇರಲಿಲ್ಲ.

ರೊಟ್ಟಿ, ಬೇಳೆ ಆಗುವ ಹೊತ್ತಿಗೆ ಹಿತ್ತಲೆಲ್ಲ ಕಪ್ಪಿಟ್ಟಿತ್ತು. ತಾಟು ಹಚ್ಚಿದೆ. ಕೈ ತೊಳೆಯಲು ಹೋದ ಅತ್ತೆ ಹಾಗೇ ತಿರುಗಿ ಬಂದರು.

"ಹೂವ ಬಿಚ್ಚ್ಯಾವವಾ. ತಾಟ ತಗಿ."

ನನ್ನ ಕಣ್ಣು ತುಂಬಿತು. "ಅಳಬ್ಯಾಡ, ಉಪಾಸ ನನಗೇನ ಹೊಸಾದಲ್ಲ" ಎಂದರು. ಹಾಗೆನ್ನುತ್ತಲೇ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

ಗೋಡೆಯಾಚೆಗೆ ನಮ್ಮ ಮಾತು ಕೇಳಿಸಿತ್ತೇನೋ, ಕುರುಬರ ಅವ್ವ ಕೂಗಿದಳು. "ಹೊತ್ತ ಇನ್ನೂ ಮುಣಗಿಲ್ರೀ ಅಕ್ಕಾರ! ನಮ್ಮ ಹುಣಸಿ ನೋಡ್ರಿ, ಎಚ್ಚರ ಐತಿ. ಅದರ ಎಲಿ ಕೂಡೂ ಹೊತ್ತಿಗೇ ನಮ್ಮ ಕುರಿ ಮನಿಗೆ ಬರತಾವ. ನಿಮ್ಮ ಹೀರಿ ಮೋಡ ನೋಡಿ ಮೋಸ ಹೋಗೇತಿ."

"ನಿನ್ನ ಹುಣಸಿ ಕುರಿಗಿ ಹೇಳತೈತಿ, ನನ್ನ ವ್ರತಕ್ಕಲ್ಲ."

"ಕುರಿಗೂ ನಿಮಗೂ ಹೊತ್ತ ಒಂದರೀ!"

ಅವರ ಹುಣಸೆಯ ಟೊಂಗೆಯೊಂದು ನಮ್ಮ ಹಿತ್ತಲಿಗೆ ಬಾಗಿತ್ತು. ತೋರಿಸಲೆಂದು ಒಂದು ಕಡ್ಡಿ ಮುರಿಯಲು ಕೈ ಚಾಚಿದೆ.

"ಮುರೀಬ್ಯಾಡ! ಏಕೇಂದ್ರಿಯ ಜೀವ ಅದು. ನಾನ ಬರ್ತೀನಿ." ಅತ್ತೆ ಕಂಬಳಿ ಹೊದ್ದು ಹೊರಗೆ ಬಂದರು. ಹುಣಸೆಯ ಸಣ್ಣ ಎಲೆಗಳೆಲ್ಲ ಅಗಲವಾಗಿ ಬಿಚ್ಚಿಕೊಂಡು ಮಳೆ ಹಿಡಿಯುತ್ತಿದ್ದವು. ಹೊತ್ತು ಮುಳುಗಿದ್ದರೆ ಅವು ಜೋಡಿ ಜೋಡಿಯಾಗಿ ಕೈಮುಗಿದಂತೆ ಕೂಡಿರುತ್ತಿದ್ದವು.

"ಎರಡು ಗಿಡ, ಎರಡು ಸಾಕ್ಷಿ. ಯಾವುದು ಖರೆ ಅನ್ನೂಣು?" ಎಂದರು ಅತ್ತೆ.

ಆಗಲೇ ನಾನು ಕಂಡದ್ದು. "ಅತ್ತಿ, ಮ್ಯಾಲ ನೋಡ್ರಿ." ಬಿಚ್ಚಿದ್ದು ಸೂರಿನ ಕೆಳಗಿನ ಹೂಗಳು ಮಾತ್ರ. ಮಾಳಿಗೆಗೆ ಏರಿ ಬಯಲಿಗೆ ಬಿದ್ದ ಬಳ್ಳಿಯಲ್ಲಿ ಎಲ್ಲವೂ ಇನ್ನೂ ಮೊಗ್ಗು. ಸೂರಿನಡಿಯ ಕತ್ತಲನ್ನೇ ಕೆಳಗಿನವು ಸಂಜೆಯೆಂದು ತಿಳಿದಿದ್ದವು.

ಅತ್ತೆ ಕತ್ತೆತ್ತಿ ನೋಡಿದರು. "ಒಂದ ಬಳ್ಳಿ, ಅದರಾಗೂ ಎರಡು ಮಾತು" ಎಂದರು. "ಉಣತೀನಿ. ನೀ ಇಲ್ಲೇ ನಿಂದರು. ಎಲಿ ಕೂಡಾಕತ್ತಿದ್ರ ಒದರು, ಕೈಯಾಗಿನ ತುತ್ತ ಅಲ್ಲೇ ಬಿಡ್ತೀನಿ."

ಕಂಬಳಿ ನನ್ನ ತಲೆಗೆ ಬಂತು. ಅಷ್ಟು ಗಮನವಿಟ್ಟು ಒಂದು ಗಿಡವನ್ನು ನಾನೆಂದೂ ನೋಡಿರಲಿಲ್ಲ. ಗಾಳಿಗೆ ಎಲೆ ಅಲುಗಿದರೂ ಕೂಡಿತೇನೋ ಎಂದು ಹತ್ತಿರ ಬಾಗಿ ನೋಡುತ್ತಿದ್ದೆ. ಒಳಗೆ ತಾಟಿನ ಸದ್ದು. ಆಮೇಲೆ ನೀರು ಕುಡಿದ ಸದ್ದು. ಬಾಯಿ ಮುಕ್ಕಳಿಸಿದ ಸದ್ದು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, ತುದಿಯ ಟೊಂಗೆಯಲ್ಲಿ ಎದುರುಬದುರಿನ ಎಲೆಗಳು ಮೆಲ್ಲಗೆ ವಾಲಿದವು.

"ಅತ್ತಿ, ಈಗ ಕೂಡಾಕತ್ತಾವ್ರಿ!"

ಆಚೆಯಿಂದ ಕುರಿಗಳ ಕೂಗು ಕೇಳಿಸಿತು. ಅತ್ತೆ ಬಾಗಿಲಿಗೆ ಬಂದು ಹುಣಸೆಗೆ ಕೈಮುಗಿದರು. ಮುಗಿದ ಕೈ ಹಾಗೇ ನಿಂತಿತು. "ನೀ ಉಂಡಿ ಏನ?"

ಇಲ್ಲವೆಂದು ಆಗಲೇ ನನಗೂ ನೆನಪಾದದ್ದು. ಎಲೆ ಕೂಡಿಯಾಗಿತ್ತು; ಇನ್ನು ನನಗೂ ಊಟವಿಲ್ಲ.

"ಹುಚ್ಚಿ" ಎಂದರು ಅತ್ತೆ.

ಮರುದಿನ ನನಗೆ ಎಚ್ಚರವಾದದ್ದು ಕಟ್ಟಿಗೆ ಕುಟ್ಟುವ ಸದ್ದಿಗೆ. ಬಿಸಿಲು ಏರಿತ್ತು, ಹುಣಸೆ ಎಲೆ ಬಿಚ್ಚಿಕೊಂಡಿತ್ತು. ತಾವು ಮಧ್ಯಾಹ್ನದವರೆಗೆ ಬಾಯಿಗೆ ಏನೂ ಹಾಕದ ಅತ್ತೆ, ನನಗೆಂದು ರೊಟ್ಟಿ ಬಡಿಯುತ್ತ ಕುಳಿತಿದ್ದರು. ಜಿನದೇವರ ದಯೆಗಳನ್ನು ಎಣಿಸಲು ಕುಳಿತಾಗ ನಾನು ಇಂದಿಗೂ ಆ ಬಿಸಿ ರೊಟ್ಟಿಯಿಂದಲೇ ಶುರು ಮಾಡುತ್ತೇನೆ.