ಒತ್ತಿದರೆ ನಿಲ್ಲುವ ಬ್ರಷ್ಷು

ನನ್ನ ಹಲ್ಲಿನ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ದೂರು ಇದ್ದದ್ದು ಚಿತ್ರದುರ್ಗದ ದಂತವೈದ್ಯರಿಗೆ. ಬಾಯೊಳಗೆ ಪುಟ್ಟ ಕನ್ನಡಿ ಆಡಿಸಿ ನೋಡಿ, "ಏನ್ರಿ, ಹಲ್ಲು ಉಜ್ತೀರೋ, ತಳ ಹಿಡಿದ ಪಾತ್ರೆ ತಿಕ್ತೀರೋ?" ಎಂದರು. ಮೇಲಿನ ಕೋರೆಹಲ್ಲಿನ ವಸಡು ಸವೆದು ಸರಿದಿತ್ತು. ಹೀಗೇ ತಿಕ್ಕುತ್ತಿದ್ದರೆ ಅಂಗುಳಿನಿಂದ ಒಂದು ಚೂರು ಚರ್ಮ ತೆಗೆದು ಅಲ್ಲಿಗೆ ಹೊಲಿಯಬೇಕಾಗುತ್ತದಂತೆ. ಆಮೇಲೆ ಎರಡು ವಾರ ಮಾತು ಬಂದ್.

ಹೊಲಿಗೆಗೆ ನಾನು ಹೆದರಲಿಲ್ಲ, ಎರಡು ವಾರಕ್ಕೆ ಹೆದರಿದೆ. ಕಾಲೇಜಿನ ಅಷ್ಟೂ ವರ್ಷ ಚರ್ಚಾಸ್ಪರ್ಧೆಯಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿಯೇ ಬೆಳೆದವಳು ನಾನು. ಯಾರು ಏನು ಹೇಳಿದರೂ ಸುಮ್ಮನೆ ತಲೆಯಾಡಿಸುತ್ತ ಕೂರುವುದನ್ನು ನೆನೆದೇ ಅಂಗುಳು ಉರಿಯಿತು.

"ಮೂರು ತಿಂಗಳು ನೋಡಾಣ" ಎಂದರು ಡಾಕ್ಟರು. "ಬ್ಯಾಟರಿ ಬ್ರಷ್ ತಗಳ್ರಿ, ಕಮ್ಮಿ ರೇಟಿಂದೇ ಸಾಕು. ಹಲ್ಲಿಗೆ ತಾಗಿಸಿ ಎರಡು ನಿಮಿಷ ಹಿಡೀರಿ. ಉಜ್ಜೋದು ಅದರ ಕೆಲಸ, ನಿಮ್ಮದಲ್ಲ."

ಹೊಸದುರ್ಗದಲ್ಲಿ ಬಸ್ಸಿಳಿದವಳೇ ಫ್ಯಾನ್ಸಿ ಸ್ಟೋರಿಗೆ ಹೋದೆ. ನಿಮಿಷಕ್ಕೆ ಇಷ್ಟು ಸಾವಿರ ಸಲ ಅಲುಗುತ್ತದೆ ಎಂದು ಬ್ರಷ್ಷಿನ ಡಬ್ಬಿಯ ಮೇಲೆ ಬರೆದಿತ್ತು.

"ಇದನ್ನ ಎಣಿಸಿದೋರು ಯಾರು?"

"ಫ್ಯಾನ್ ಎಷ್ಟು ಸುತ್ತು ತಿರುಗ್ತೈತೆ ಅಂತ ಎಣಿಸಿ ಕೆಳಗೆ ಮಲಗ್ತೀರಾ ಮೇಡಂ?" ಎಂದರು ಅಂಗಡಿಯವರು. ಬಹಳ ದುರ್ಬಲ ವಾದ. ಆದರೆ ಹಿಂದೆ ನಾಲ್ಕು ಜನ ನಿಂತಿದ್ದರು. ಕೊಂಡುಕೊಂಡೆ.

ನಮ್ಮ ಬೀದಿಯಲ್ಲಿ ಯಾರೂ ಬಚ್ಚಲಲ್ಲಿ ನಿಂತು ಹಲ್ಲುಜ್ಜುವುದಿಲ್ಲ. ಬ್ರಷ್ಷು ಬಾಯಲ್ಲಿಟ್ಟುಕೊಂಡು ಅಂಗಳಕ್ಕೆ ಬಂದರೆ ಊರಿನ ಸುದ್ದಿಯೆಲ್ಲ ಮುಗಿದ ಮೇಲೇ ಬಾಯಿ ಮುಕ್ಕಳಿಸುವುದು. ಪಕ್ಕದ ಮನೆ ಅಪ್ಪನ ಅಕ್ಕನದು, ಅಂದರೆ ನನ್ನ ಅತ್ತೆಯದು. ಕಾಂಪೌಂಡಿನ ಆಚೆ ಅವಳು, ಈಚೆ ನಾನು, ಅರ್ಧ ಗಂಟೆ ಉಜ್ಜುತ್ತೇವೆ, ಅರ್ಧ ಗಂಟೆಯೂ ಜಗಳ. ವಾದ ಬಿಸಿಯಾದಷ್ಟೂ ಕೈ ಜೋರಾಗುತ್ತದೆ. ನನ್ನ ವಸಡು ಸವೆಸಿದ್ದು ಅತ್ತೆಯೇ ಎಂದು ಸಾಧಿಸಬಲ್ಲೆ.

ಹೊಸ ಬ್ರಷ್ಷಿನ ಮೊದಲ ಬೆಳಿಗ್ಗೆ ಅತ್ತೆ ಶುರು ಮಾಡಿದಳು: "ಮಾರಿಕಣಿವೆ ಡ್ಯಾಮಿನ ನೀರು ಕುಡಿದೋರಿಗೆ ಕೂದ್ಲು ನೆರೆಯಲ್ಲ ಕಣೆ."

ಇಂಥ ಮಾತಿಗೆ ಸುಮ್ಮನಿರುವುದು ಹೇಗೆ? ಬ್ರಷ್ಷು ತಿರುಗುತ್ತಿರುವಾಗಲೇ ಬಾಯಿ ತೆರೆದೆ. ನೊರೆ ಗೋಡೆಗೆ, ನನ್ನ ಕನ್ನಡಕಕ್ಕೆ, ಅತ್ತೆಯ ನೈಟಿಗೆ ಸಮನಾಗಿ ಹಂಚಿಹೋಯಿತು.

"ಲೇ, ಥೂ, ಕೆರೆಯಿಂದ ಎದ್ದ ಎಮ್ಮೆ ಬಾಲ ಒದರಿದಂಗಾತು" ಎಂದು ಅತ್ತೆ ಗೋಡೆಗೆ ಒರಗಿ ನಕ್ಕಳು. ಸಿಟ್ಟಿನಿಂದ ಬಾಯಿ ಮುಚ್ಚಿ ಬ್ರಷ್ಷನ್ನು ಒತ್ತಿದೆ. ಗುರ್ ಎಂದು ಗೊಣಗಿ ನಿಂತುಬಿಟ್ಟಿತು. ಸಡಿಲ ಬಿಟ್ಟೆ, ತಿರುಗಿತು. ಒತ್ತಿದೆ, ನಿಂತಿತು.

"ಮಿಷಿನ್ನಿಗೂ ಸಾಕಾಗೈತೆ ನಿನ್ನ ವಾದ" ಎಂದಳು ಅತ್ತೆ.

ದೋಷಯುಕ್ತ ಮಾಲು ಎಂದು ತೀರ್ಮಾನಿಸಿ, ದಾರಿಯುದ್ದಕ್ಕೂ ಮೂರು ಅಂಶ ಜೋಡಿಸಿಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಮೂರನ್ನೂ ಕೇಳಿಸಿಕೊಂಡರು.

"ನಿಮ್ಮ ಅಂಗೈ ಮೇಲೆ ಇಡ್ರಿ." ಬ್ರಷ್ಷು ತಿರುಗಿತು.

"ಈಗ ಹಲ್ಲಿಗೆ ಒತ್ತೋ ಹಂಗೆ ಒತ್ರಿ." ನಿಂತಿತು. ಅಂಗೈ ಮೇಲೆ ಕೆಂಪು ಗುರುತು ಮೂಡಿತ್ತು.

"ಒತ್ತಿದ್ರೆ ದೀಪ ಹತ್ತಿ ಹೇಳೋವೂ ಬರ್ತವೆ ಮೇಡಂ, ಭಾಳ ರೇಟು. ಇದು ಬಡವರದು. ದೀಪ ಗೀಪ ಇಲ್ಲ, ನಿಂತೇ ಬಿಡ್ತೈತೆ."

ನನ್ನ ಮೂರೂ ಅಂಶಗಳು ಅಲ್ಲೇ ಸತ್ತವು. ದುಬಾರಿ ಬ್ರಷ್ಷಾಗಿದ್ದರೆ ನಾನು ಆ ದೀಪದ ಜೊತೆಗೂ ವಾದ ಹೂಡಿ ಒತ್ತುತ್ತಲೇ ಇರುತ್ತಿದ್ದೆ. ಕೆಲಸವನ್ನೇ ನಿಲ್ಲಿಸಿಬಿಡುವವರ ಜೊತೆ ಏನು ವಾದ? ನನ್ನ ವಸಡಿಗೆ ಬೇಕಿದ್ದದ್ದು ಈ ಬಡಕಲು ಮೋಟಾರೇ. "ಒಪ್ಪಿದೆ" ಎಂದೆ. ಎದುರಾಳಿಗೆ ಆ ಪದ ಹೇಳಿದ್ದು ಜೀವನದಲ್ಲಿ ಅದೇ ಮೊದಲು. ಏನೋ ಕುಣಿಕೆ ಇದೆಯೆಂದುಕೊಂಡರೋ ಏನೋ, ಅಂಗಡಿಯವರು ಅನುಮಾನದಿಂದ, "ಮತ್ತೇನಾದ್ರೂ ಐತಾ ಮೇಡಂ?" ಎಂದರು.

ಆಮೇಲಿನ ಮೂರು ತಿಂಗಳು, ದಿನಕ್ಕೆ ಎರಡು ನಿಮಿಷ ನಾನು ಮೂಕಿ. ಅತ್ತೆ ತನ್ನ ಅತ್ಯಂತ ಪೊಳ್ಳು ವಾದಗಳನ್ನೆಲ್ಲ ಆ ಎರಡು ನಿಮಿಷಕ್ಕೆಂದೇ ಎತ್ತಿಟ್ಟುಕೊಂಡು ಬರುತ್ತಿದ್ದಳು. ನಾನು ಬೆರಳು ಮಡಚಿ ಆಕ್ಷೇಪಣೆಗಳನ್ನು ಲೆಕ್ಕ ಇಟ್ಟರೆ, "ಮೌನ ಅಂದ್ರೆ ಒಪ್ಪಿಗೆ ಕಣೆ" ಎನ್ನುತ್ತಿದ್ದಳು. ಒಂದು ದಿನ ಡಬ್ಬಿಯಲ್ಲಿದ್ದ ಇನ್ನೊಂದು ಬ್ರಷ್ ತಲೆ ಸಿಕ್ಕಿಸಿ ಅವಳಿಗೂ ಕೊಟ್ಟೆ. "ಕಚಗುಳಿ ಆಗ್ತೈತೆ, ತೆಗಿಯೇ, ತೆಗಿಯೇ" ಎಂದು ತಾನೇ ಹಿಡಿದುಕೊಂಡು ಅಂಗಳದ ತುಂಬ ಕುಣಿದಳು. ನಾನು ಅಷ್ಟರಲ್ಲಿ ಮಾರಿಕಣಿವೆ ನೀರಿನ ವಿಷಯವನ್ನು, ಅವಳ ಬಿಳಿ ಜಡೆಯ ಸಾಕ್ಷಿ ಸಮೇತ, ಮುಗಿಸಿದೆ. ಬೀದಿಯವರೆಲ್ಲ ನಗುತ್ತಿದ್ದರು. ಯಾರನ್ನು ನೋಡಿ ನಕ್ಕರೋ ಗೊತ್ತಿಲ್ಲ.

ಮೂರು ತಿಂಗಳಾದ ಮೇಲೆ ಮತ್ತೆ ಚಿತ್ರದುರ್ಗ, ಅದೇ ಒರಗು ಕುರ್ಚಿ. ಡಾಕ್ಟರು ಬಹಳ ಹೊತ್ತು ನೋಡಿದರು. ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದೆ.

"ಹೋಗಿದ್ದು ಬೆಳೆಯಲ್ಲ. ಆದ್ರೆ ಸವೆತ ಅಲ್ಲೇ ನಿಂತೈತೆ. ಹೊಲಿಗೆ ಬೇಡ."

"ಆದ್ರೆ ಡಾಕ್ಟ್ರೇ, ಇದು ಬ್ರಷ್ಷಿಂದಲೇ ಅಂತ ಹೆಂಗೆ ಹೇಳ್ತೀರಿ? ನಾನು ಎರಡು ನಿಮಿಷ ಸುಮ್ನಿದ್ದದ್ದೂ ಕಾರಣ ಇರಬಹುದಲ್ಲ?"

"ಬಾಯಿ ಮುಚ್ರಿ" ಎಂದವರು, "ಅಲ್ಲಲ್ಲ, ತೆಗೀರಿ" ಎಂದು ತಾವೇ ನಕ್ಕುಬಿಟ್ಟರು.

ವಾಪಸು ಬಸ್ಸಿನಲ್ಲಿ ಪಕ್ಕದ ಹೆಂಗಸು, "ಎಲ್ಲಿಗಮ್ಮ ಹೋಗಿದ್ದೆ?" ಎಂದು ಕೇಳಿದರು, ಅಷ್ಟೇ. ಹೊಲಿಗೆಯಿಲ್ಲದ ಬಾಯಿ ಶುರುವಾಯಿತು. ಹೊಳಲ್ಕೆರೆ ನಿಲ್ದಾಣದಲ್ಲಿ ಅವರು ಚೀಲ ಎತ್ತಿಕೊಂಡು ಮುಂದಿನ ಸೀಟಿಗೆ ಹೋಗಿ ಕೂತರು. ನಾನೂ ಎದ್ದು ಅವರ ಪಕ್ಕಕ್ಕೇ ಹೋದೆ. ಮುಖ್ಯ ಅಂಶ ಇನ್ನೂ ಬಾಕಿ ಇತ್ತು.