ಬೂದಣ್ಣ ತನ್ನ ಮನೆಗೆ ಬಳಿದ ಬಣ್ಣ

ಬೂದು ಬಣ್ಣಕ್ಕೆ ಮೊದಲಿನಿಂದಲೂ ಒಳ್ಳೆಯ ಹೆಸರಿಲ್ಲ. ಮನೆಗೆ ಬಣ್ಣ ಬಳಿಸುವವರು ಕೆನೆ ಬಣ್ಣ ಕೇಳುತ್ತಾರೆ, ತಿಳಿಹಸಿರು ಕೇಳುತ್ತಾರೆ. ಬೂದು ಎಂದರೆ ಮುಖ ಸಿಂಡರಿಸುತ್ತಾರೆ. ಅಂಥ ಬಣ್ಣದಿಂದಲೇ ಹೆಸರು ಮಾಡಿದವನು ಬೂದಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಅವನ ಹೆಂಡತಿಗೂ ಮರೆತುಹೋಗಿದೆ ಎಂದು ಉಳಿದ ಪೇಂಟರುಗಳು ತಮಾಷೆ ಮಾಡುತ್ತಿದ್ದರು.

ಅವನ ಬೂದು ಬರಿಯ ಬೂದಲ್ಲ. ಬಿಳಿಗೆ ಕಪ್ಪು ಬೆರೆಸಿದರೆ ಯಾರಿಗೆ ಬೇಕಾದರೂ ಬೂದು ಬರುತ್ತದೆ. ಆದರೆ ಗೋಡೆಯ ಮೇಲೆ ಒಣಗಿದ ಮೇಲೆ ಅದು ನೀಲಿಗೆ ತಿರುಗಿ, ಕೋಣೆಯೆಲ್ಲ ಹೆಣದ ಮನೆಯಂತೆ ತಣ್ಣಗಾಗುತ್ತದೆ. ಬೂದಣ್ಣ ಅದಕ್ಕೆ ಹಳದಿ ಮಣ್ಣಿನ ಬಣ್ಣ ಹಾಕುತ್ತಿದ್ದ, ಮೇಲೊಂದು ಚೂರು ಕಾವಿ. ಎಷ್ಟು ಎಂದು ಕೇಳಿದರೆ ಕಣ್ಣು ಹೇಳಿದಷ್ಟು ಎನ್ನುತ್ತಿದ್ದ. ಮೊದಲು ಎದುರುಬದುರು ಗೋಡೆಗಳ ಮೇಲೆ ದಿನಪತ್ರಿಕೆಯ ಅಗಲಕ್ಕೆ ಬಳಿದು, ಬೆಳಗಿನ ಬೆಳಕಿನಲ್ಲಿ ನೋಡಿ, ಸಂಜೆ ದೀಪ ಹಾಕಿ ನೋಡಿ, ಬಿಸಿಲು ಬಾರದ ಕೋಣೆಯಾದರೆ ಇನ್ನಷ್ಟು ಹಳದಿ ಸೇರಿಸಿ, ಆಮೇಲೆ ರೋಲರ್ ಮುಟ್ಟುತ್ತಿದ್ದ. ಚೌಕಟ್ಟುಗಳಿಗೆ ಅಪ್ಪಟ ಬಿಳಿ ಬಳಿಯಲು ಬಿಡುತ್ತಿರಲಿಲ್ಲ. ಬಿಳಿಯ ಪಕ್ಕದಲ್ಲಿ ಬೂದು ಕೊಳೆಯ ಹಾಗೆ ಕಾಣುತ್ತದೆ, ಕೆನೆ ಬಣ್ಣವೇ ಆಗಬೇಕು ಎಂದು ಮನೆಯವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದ. ಕೆಲಸ ಮುಗಿದ ಕೋಣೆಯೊಳಗೆ ಕಾಲಿಟ್ಟರೆ, ಯಾರೋ ಆಗತಾನೆ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗನಿಸುತ್ತಿತ್ತು. ಜಗಳವಾಡಿದ ಮನೆಯವರೂ ಆಗ ಸುಮ್ಮನಾಗುತ್ತಿದ್ದರು.

ಅವನ ಹೆಂಡತಿಗೆ ಆ ಬಣ್ಣದ ಮೇಲೆ ಬಲು ಆಸೆ. ಪೇಂಟಿಂಗ್ ಮುಗಿದ ಮನೆಗಳಲ್ಲಿ ನೆಲಕ್ಕೆ ಬಿದ್ದ ಬಣ್ಣದ ಹನಿಗಳನ್ನು ಬ್ಲೇಡಿನಿಂದ ಕೆರೆದು ಒರೆಸುವ ಕೆಲಸ ಅವಳದು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಬೂದು ಗೋಡೆಯ ಕೋಣೆಯನ್ನೇ ಹುಡುಕಿಕೊಂಡು ಹೋಗಿ ಕೂರುತ್ತಿದ್ದಳು. ನಮ್ಮ ಕೋಣೆಗೂ ಇದನ್ನೇ ಬಳೀರಿ ಎಂದು ಅವಳು, ಈ ಕೆಲಸ ಒಂದು ಮುಗೀಲಿ ಎಂದು ಅವನು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ಯಾವನೋ ಪೇಂಟರನ್ನು ನೋಡಿಯೇ ಹುಟ್ಟಿರಬೇಕು. ಅವರು ಮಲಗುವ ಕೋಣೆಯ ಗೋಡೆಗಳಿಗೆ ವರ್ಷಗಟ್ಟಲೆ ಬಿರುಕಿಗೆ ಮೆತ್ತಿದ ಪುಟ್ಟಿಯ ತೇಪೆಗಳೇ ಗತಿ.

ಬೂದಣ್ಣನ ಜೊತೆ ಕೆಲಸಕ್ಕಿದ್ದವನು ಅವನ ಸ್ವಂತ ತಮ್ಮ. ಮಾತು ಕಡಿಮೆ, ಏಣಿ ಹತ್ತುವುದರಲ್ಲಿ ಚುರುಕು. ಬಣ್ಣ ಕಲಸಲು ಮಾತ್ರ ಅಣ್ಣ ಅವನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ನಿನಗಿರುವುದು ಕಣ್ಣಲ್ಲ, ಗೋಲಿ ಎಂದು ನಾಲ್ಕು ಜನರ ಎದುರು ಆಡಿಕೊಳ್ಳುತ್ತಿದ್ದ. ತಮ್ಮನೂ ಜೊತೆಗೆ ನಗುತ್ತಿದ್ದ. ಅಣ್ಣನ ಮಾತಿಗೆ ನಗದೆ ಇನ್ನೇನು ಮಾಡಿಯಾನು?

ಒಂದು ದೊಡ್ಡ ಮನೆಯ ಕೆಲಸ ನಡೆದಿತ್ತು. ಟೀ ಕುಡಿಯಲು ಹೊರಟ ಬೂದಣ್ಣ ಏನೋ ಮರೆತು ಅರ್ಧ ದಾರಿಯಿಂದ ವಾಪಸು ಬಂದ. ಒಳಗೆ ತಮ್ಮ ಅವನ ಬಕೆಟ್ಟಿನ ಮೇಲೆ ಬಗ್ಗಿ, ಹಳದಿ ಸುರಿದು, ಕೋಲಿನಿಂದ ಗರಗರ ತಿರುವುತ್ತಿದ್ದ. ಬೂದಣ್ಣನಿಗೆ ಒಂದು ಗಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಇದು ಎಷ್ಟು ದಿನದಿಂದ ನಡೆದಿದೆ ಎಂದು ಕೇಳಿದ.

"ಸುಮಾರು ದಿನ ಆಯ್ತಣ್ಣ," ಎಂದ ತಮ್ಮ, ತಲೆ ಎತ್ತದೆ. "ನೀನು ಕಲಸಿದ್ದು ತಣ್ಣಗೆ ಬರ್ತಿದೆ. ಒಂದ್ಸಲ ಕಣ್ಣು ತೋರಿಸ್ಕೊ."

ಬೂದಣ್ಣನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಕೆಟ್ಟನ್ನು ಒದ್ದ, ಹೊಸ ನೆಲದ ತುಂಬ ಬಣ್ಣ ಹರಿಯಿತು. ಇನ್ನು ನಿನ್ನ ಮುಖ ತೋರಿಸಬೇಡ ಎಂದು ತಮ್ಮನನ್ನು ಅಲ್ಲಿಂದಲೇ ಅಟ್ಟಿದ. ಉಳಿದ ಕೋಣೆಗಳನ್ನು ಒಬ್ಬನೇ ಮುಗಿಸಿದ. ಮನೆಯವರು ಬಂದು ನೋಡಿ, ಇದೇನು ಆಸ್ಪತ್ರೆಯ ಹಾಗಿದೆ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೂದಣ್ಣ ಪುಟ್ಟಿಯನ್ನು ಬೈದ, ಡಬ್ಬಿ ಮಾರಿದವನನ್ನು ಬೈದ, ಆ ಮನೆಯ ಕಿಟಕಿಗಳನ್ನೂ ಬೈದ. ಮುಂದಿನ ಮನೆಯಲ್ಲೂ ಅದೇ ಮಾತು ಕೇಳಿಬಂತು. ಕೆಲಸ ಹುಡುಕಿಕೊಂಡು ಬರುವವರು ಕಡಿಮೆಯಾದರು.

ಅಷ್ಟರಲ್ಲಿ ಹೆಂಡತಿ ಹಾಸಿಗೆ ಹಿಡಿದಳು. ಎದೆಯ ಕಾಯಿಲೆ. ಆಸ್ಪತ್ರೆಯಲ್ಲಿ ಇಟ್ಟುಕೊಂಡು ನಾವು ಮಾಡುವುದೇನೂ ಉಳಿದಿಲ್ಲ, ಮನೆಯಲ್ಲೇ ನೆಮ್ಮದಿಯಾಗಿ ಇರಲಿ ಎಂದು ಡಾಕ್ಟರು ಕಳಿಸಿಬಿಟ್ಟರು. ಇನ್ನು ಅವಳು ಹಗಲೂ ರಾತ್ರಿ ನೋಡಬೇಕಾದ್ದು ಆ ತೇಪೆಯ ಗೋಡೆಯನ್ನೇ. ಇಷ್ಟು ವರ್ಷ ಕೇಳಿದಳು, ಕೊಡಲಿಲ್ಲ. ಈಗಲಾದರೂ ಅವಳಿಗೆ ಆ ಬೆಚ್ಚನೆಯ ಕೋಣೆ ಸಿಗಬೇಕು ಎಂದುಕೊಂಡ ಬೂದಣ್ಣ.

ಅವಳನ್ನು ಹೊರಗಿನ ಕೋಣೆಗೆ ಎತ್ತಿಕೊಂಡು ಹೋಗಿ ಮಲಗಿಸಿ ಕೆಲಸಕ್ಕಿಳಿದ. ಹಳೆಯ ಸುಣ್ಣ ಹೆರೆದ, ಪುಟ್ಟಿ ತುಂಬಿ ಉಜ್ಜಿ ನುಣುಪು ಮಾಡಿದ, ಪ್ರೈಮರ್ ಹೊಡೆದ. ಬಣ್ಣ ಕಲಸುವಾಗ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದ. ಬಿಸಿಲು ಬಾರದ ಕೋಣೆ ಅದು, ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಒಂದಿಷ್ಟು ಹಳದಿ ಹಾಕುವಷ್ಟರಲ್ಲೇ ಕಣ್ಣು ಸಾಕು ಎಂದಿತು. ಡಬ್ಬಿಯಲ್ಲಿ ಮುಕ್ಕಾಲು ಪಾಲು ಹಳದಿ ಹಾಗೇ ಉಳಿಯಿತು. ಬೆಳಗ್ಗೆ ನೋಡಿದ, ಸಂಜೆ ನೋಡಿದ. ಜೀವಮಾನದಲ್ಲಿ ಇಂಥ ಬೂದು ತನ್ನ ಕೈಯಿಂದ ಬಂದಿರಲಿಲ್ಲ ಎನಿಸಿತು.

ಅವಳನ್ನು ಕರೆತಂದು ಮಲಗಿಸಿ ಪಕ್ಕದಲ್ಲಿ ನಿಂತ. ಅವಳು ಗೋಡೆಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ಚೆನ್ನಾಗಿದೆ ಕಣ್ರೀ," ಎಂದಳು. "ಬೆಚ್ಚಗಿದೆ."

ಬೂದಣ್ಣ ಅಡುಗೆಮನೆಗೆ ಹೋಗಿ ಒಬ್ಬನೇ ಅತ್ತ. ಆ ಚಳಿಗಾಲವೆಲ್ಲ ಅವಳು ಹೊದಿಕೆಯ ಮೇಲೆ ಹೊದಿಕೆ ಕೇಳಿದಳು, ಅವನು ಹೊದಿಸಿದ. ಕಾಯಿಲೆಯ ಚಳಿ ಎಂದುಕೊಂಡ. ಚಳಿ ಮುಗಿಯುವ ಮೊದಲೇ ಅವಳು ಮುಗಿದಳು.

ಆಮೇಲೆ ತಮ್ಮ ಬಂದ. ಒದ್ದ ಬಕೆಟ್ಟಿನ ಮಾತೆತ್ತದೆ, ಆಗಲ್ಲ ಎನ್ನಲೂ ಬಿಡದೆ, ಅಣ್ಣನನ್ನು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದ. ಎರಡೂ ಕಣ್ಣಿಗೆ ಪೊರೆ ಬಂದು ಹಳೇ ಗಾಜಿನಂತೆ ಹಳದಿಗಟ್ಟಿದೆ, ಹಳದಿಯಲ್ಲದ್ದೂ ನಿಮಗೆ ಹಳದಿಯಾಗಿಯೇ ಕಾಣುತ್ತಿತ್ತು ಎಂದರು ಡಾಕ್ಟರು. ಒಂದಾದ ಮೇಲೆ ಒಂದು ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ನರ್ಸಮ್ಮ, ಸ್ವಲ್ಪ ದಿನ ಎಲ್ಲವೂ ನೀಲಿ ನೀಲಿಯಾಗಿ ಕಾಣಬಹುದು, ಹೆದರಬೇಡಿ, ಸರಿಹೋಗುತ್ತದೆ ಎಂದಳು.

ಮನೆಗೆ ಬಂದು ಕೋಣೆಯ ಬಾಗಿಲು ತೆಗೆದರೆ ಗೋಡೆಗಳು ನೀಲಿ. ತಣ್ಣನೆಯ, ಕಲ್ಲಿನಂಥ ನೀಲಿ. ಬೂದಣ್ಣನ ಎದೆ ಧಸಕ್ಕೆಂದಿತು. ಕೂಡಲೇ ನರ್ಸಮ್ಮನ ಮಾತು ನೆನಪಾಗಿ ಉಸಿರು ಬಂತು. ಪಾತ್ರೆಯಲ್ಲಿದ್ದ ಹಾಲೂ ನೀಲಿಯೇ, ಹಗ್ಗದ ಮೇಲಿನ ಬನಿಯನ್ನೂ ನೀಲಿಯೇ. ಅವನಿಗೆ ಅಷ್ಟು ಸಾಕಾಯಿತು. ದಿನಾ ಎದ್ದವನೇ ಹಾಲು ನೋಡುತ್ತಿದ್ದ, ಉಪ್ಪು ನೋಡುತ್ತಿದ್ದ, ಆಮೇಲೆ ಗೋಡೆ ನೋಡುತ್ತಿದ್ದ. ದೇವರೇ, ಹಾಲು ಇನ್ನಷ್ಟು ದಿನ ನೀಲಿಯಾಗಿಯೇ ಇರಲಿ ಎಂದು ಬೇಡಿಕೊಂಡ. ಆದರೆ ಹಾಲು ಬೆಳ್ಳಗಾಯಿತು. ಉಪ್ಪು ಬೆಳ್ಳಗಾಯಿತು. ಬನಿಯನ್ನಿನ ಮೇಲಿನ ಕಲೆಗಳೂ ಸ್ಪಷ್ಟವಾಗಿ ಕಂಡವು. ಗೋಡೆ ಮಾತ್ರ ಹಾಗೇ ಇತ್ತು.

ತಮ್ಮನಿಗೆ ಹೇಳಿ ಕಳಿಸಿದ. ಅವನು ಬಂದವನು ಹೊಸ್ತಿಲಲ್ಲೇ ನಿಂತ, ಗೋಡೆಯ ಕಡೆ ನೋಡಲೇ ಇಲ್ಲ. ನೋಡದೇ ಇದ್ದುದರಿಂದಲೇ ಬೂದಣ್ಣನಿಗೆ ಅರ್ಥವಾಯಿತು.

"ನಿನಗೆ ಗೊತ್ತಿತ್ತಾ?"

"ಅತ್ತಿಗೆ ಕರೆಸಿದ್ರು," ಎಂದ ತಮ್ಮ. "ನೀನು ಔಷಧಿ ತರೋಕೆ ಹೋಗಿದ್ದೆ. ಅಣ್ಣನಿಗೆ ಗೊತ್ತಾಗದ ಹಾಗೆ ಸರಿಯಾದ ಬಣ್ಣ ಬಳಿದುಬಿಡ್ತೀನಿ ಅಂದೆ. ಬೇಡ ಅಂದ್ರು. ಗೋಡೆ ಇರ್ಲಿ, ಅವರ ಕಣ್ಣು ಸರಿ ಮಾಡ್ಸು, ಆದ್ರೆ ನಾನು ಹೋದ್ಮೇಲೆ ಮಾಡ್ಸು, ನಾನಿರೋವಾಗ ಅವರಿಗಿದು ಕಾಣಬಾರ್ದು ಅಂದ್ರು."

ಬೂದಣ್ಣ ಖಾಲಿ ಹಾಸಿಗೆಯ ಅಂಚಿನಲ್ಲಿ ಕೂತ. ಬೇರೆ ಏನಾದರೂ ಹೇಳಿದಳಾ ಎಂದು ಕೇಳಿದ.

ಅಣ್ಣನಿಗೆ ಸುಳ್ಳು ಹೇಳಲು ತಮ್ಮನಿಗೆ ಬರುತ್ತಿರಲಿಲ್ಲ.

"ಚಳಿ ಆಗಲ್ವಾ ಅತ್ತಿಗೆ ಅಂತ ಕೇಳ್ದೆ. ಆಗುತ್ತೆ ಅಂದ್ರು."

ಬೂದಣ್ಣನಿಗೆ ಈ ಕಣ್ಣುಗಳನ್ನು ಕಿತ್ತು ಆ ಡಾಕ್ಟರ ಕೈಗೇ ವಾಪಸು ಕೊಟ್ಟುಬಿಡಬೇಕು ಎನಿಸಿತು. ಅದು ಆಗದ ಮಾತು. ಅವಳು ತಲೆಯಿಟ್ಟು ಮಲಗುತ್ತಿದ್ದ ಕಡೆಯೇ ತಲೆಯಿಟ್ಟು ಮಲಗಿದ, ಅವಳು ನೋಡುತ್ತಿದ್ದ ಗೋಡೆಯ ಕಡೆಗೇ ತಿರುಗಿದ. ಈಗ ಅವನಿಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.