ಅಮಲಮೇರಿಯ ಬೆನ್ನ ಹಿಂದಿನ ಬಾತು

ಚರ್ಚಿನ ಹಿಂದಿನ ಬೀದಿಯಲ್ಲಿ ಅಮಲಮೇರಿ ನಡೆದರೆ ಹಿಂದೆ ಒಂದು ಬಾತುಕೋಳಿ ನಡೆಯುತ್ತಿತ್ತು. ನಲ್ಲಿಗೆ ಹೋದರೆ ನಲ್ಲಿಗೆ, ಪೂಜೆಗೆ ಹೋದರೆ ಚರ್ಚಿನ ಮೆಟ್ಟಿಲಿನವರೆಗೆ. ಬೀದಿಯವರು ನಗುತ್ತಿದ್ದರು. ಸೊಸೆ ಲೂರ್ದುಮೇರಿ ಮಾತ್ರ ಒಂದು ದಿನವೂ ನಗಲಿಲ್ಲ.

ಮದುವೆಯಾಗಿ ಆ ಮನೆಗೆ ಬಂದ ಮೊದಲ ವಾರದಲ್ಲೇ ಅವಳಿಗೆ ಗೊತ್ತಾಗಿತ್ತು: ಅಲ್ಲಿ ಯಾವ ಪೆಟ್ಟಿಗೆಯ ಮುಚ್ಚಳವನ್ನೂ ಪೂರ್ತಿ ಮುಚ್ಚಕೂಡದು. ಟ್ರಂಕಿನ ಬಾಯಿಗೆ ಸೌದೆಚೂರು ಸಿಕ್ಕಿಸಿ ಸಂದು ಬಿಡಬೇಕು. ಆ ಸಂದಿನಲ್ಲಿ ಇಲಿ ನುಗ್ಗಿ ಸೀರೆ ಕಡಿದರೆ ಹೊಲಿಯುವುದು ಸೊಸೆಯ ಪಾಲು. ಕಾರಣವನ್ನು ಪಕ್ಕದ ಮನೆಯ ದೇವಿರಮ್ಮ ಪಿಸುಮಾತಿನಲ್ಲಿ ಹೇಳಿದ್ದಳು. ಪ್ಲೇಗಿನ ವರ್ಷ, ಊರಾಚೆಯ ಜೋಪಡಿಗಳಲ್ಲಿ, ಅಮಲಮೇರಿಯ ಆರು ತಿಂಗಳ ಹೆಣ್ಣುಮಗು ಒಂದು ಬೆಳಗ್ಗೆ ತಣ್ಣಗಾಗಿತ್ತು. ಗಂಡಸರು ಆತುರಾತುರವಾಗಿ ಹಲಗೆಪೆಟ್ಟಿಗೆಗೆ ಮೊಳೆ ಹೊಡೆದರು. ಒಳಗಿಂದ ಸದ್ದು ಬಂತು ಎಂದು ಅಮಲಮೇರಿ ಕೂಗಿಕೊಂಡಳು. ಗಂಡ ಅವಳ ರಟ್ಟೆ ಹಿಡಿದು, "ಭ್ರಮೆ ಕಣೇ, ತೆಗೀಬಾರ್ದು" ಎಂದ. ಯಾರೂ ತೆಗೆಯಲಿಲ್ಲ.

ಮೂವತ್ತು ವರ್ಷದ ಮೇಲೆ ಅಂಥ ಮನೆಗೆ ಮಗ ಸಂತಿಯಾಗು ಒಂದು ಪೆಟ್ಟಿಗೆ ಹೊರಿಸಿಕೊಂಡು ಬಂದ. ಅವನು ಬಟ್ಲರನಾಗಿದ್ದ ಬಂಗಲೆಯ ದೊರೆ ಸೀಮೆಗೆ ಹೊರಟಾಗ ಬಿಟ್ಟುಹೋದ ಕಾವುಪೆಟ್ಟಿಗೆ. ಪಕ್ಕದಲ್ಲಿ ಸೀಮೆಎಣ್ಣೆ ದೀಪ, ಒಳಗೆ ಮೊಟ್ಟೆ ಇಡುವ ತಟ್ಟೆ, ಮೇಲೆ ಬಿಗಿಯಾದ ಮುಚ್ಚಳ.

"ಕಾವಿಗೆ ಕೂರೋ ಕೋಳಿನೇ ಬೇಡ. ತಾನಾಗೇ ಮರಿ ಆಗ್ಬುಡುತ್ತೆ," ಎಂದ ಸಂತಿಯಾಗು.

ತಾನಾಗೇ ಏನೂ ಆಗಲಿಲ್ಲ. ದಿನಕ್ಕೆ ಮೂರು ಸಲ ಹದಿನೆಂಟು ಬಾತುಮೊಟ್ಟೆಗಳ ಮಗ್ಗುಲು ಬದಲಿಸಿದವಳು, ನೀರು ಚಿಮುಕಿಸಿದವಳು, ಬತ್ತಿ ಕತ್ತರಿಸಿದವಳು, ಗೋಡೆಯ ಮಸಿ ಒರೆಸಿದವಳು ಲೂರ್ದುಮೇರಿ. ಒಳಗಿದ್ದ ಶಾಖದ ಕಡ್ಡಿ ಓದಲು ಬಾರದೆ, ಮುದ್ದೆ ತೊಳಸುತ್ತಿದ್ದವಳು ನಡುವೆ ಎದ್ದು ಬಂದು ಒಂದೊಂದು ಮೊಟ್ಟೆಯನ್ನೂ ಮುಚ್ಚಿದ ಕಣ್ಣರೆಪ್ಪೆಗೆ ಒತ್ತಿ ನೋಡುತ್ತಿದ್ದಳು. ಸಂತಿಯಾಗು ಮನೆಗೆ ಬಂದವರಿಗೆಲ್ಲ, "ನಾನು ಮರಿ ಮಾಡಿಸ್ತಾ ಇದೀನಿ" ಎನ್ನುತ್ತಿದ್ದ. ಅಮಲಮೇರಿ ಆ ಕೋಣೆಗೆ ಕಾಲಿಡಲಿಲ್ಲ. ಮುಚ್ಚಿಟ್ಟ ಪೆಟ್ಟಿಗೆ, ಒಳಗೆ ಜೀವ. ಸೊಸೆ ಹೊರಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಉಸಿರಾಡ್ತವಾ?"

ಮೂರು ವಾರಕ್ಕೆ ಮರಿ ಎಂದು ಸಂತಿಯಾಗು ಹೇಳಿದ್ದ. ಮೂರು ವಾರ ತುಂಬಿದರೂ ಒಂದೂ ಒಡೆಯಲಿಲ್ಲ. ಮೊಟ್ಟೆ ತಂದುಕೊಟ್ಟಿದ್ದ ಕೆರೆಯಂಗಳದ ಜವರಯ್ಯನನ್ನು ಲೂರ್ದುಮೇರಿ ಬಾಗಿಲಲ್ಲೇ ತಡೆದು ಕೇಳಿದಳು.

"ಬಾತುಮೊಟ್ಟೆ ನಾಕು ವಾರ ತಕತದೆ ಕಣವ್ವ. ಮೂರು ವಾರ ಕೋಳೀಗೆ. ಯಾರು ಅಂಗಂದ ಮಾರಾಯ?"

ಆ ಮಾರಾಯ ಒಳಗೆ ತನ್ನ ಟೋಪಿ ಹುಡುಕತೊಡಗಿದ.

ಲೂರ್ದುಮೇರಿ ಬೆರಳು ಮಡಿಸಿ ಎಣಿಸಿದಳು. ನಾಲ್ಕು ವಾರ ತುಂಬುವುದು ದೊಡ್ಡ ಶುಕ್ರವಾರದ ಮರುದಿನ. ಪ್ರತಿ ವರ್ಷ ಆ ಶುಕ್ರವಾರ ಬೆಳಗ್ಗೆ ಅತ್ತೆ ಮನೆಯ ಒಲೆ, ದೀಪ ಎಲ್ಲ ಆರಿಸುತ್ತಿದ್ದಳು. ಕ್ರಿಸ್ತನು ಗೋರಿಯಲ್ಲಿರುವಾಗ ಮನೆಯಲ್ಲಿ ಕಿಡಿ ಕೂಡದು. ಶನಿವಾರ ಬೆಳಗ್ಗೆ ಚರ್ಚಿನಂಗಳದಲ್ಲಿ ಕಲ್ಲು ತಟ್ಟಿ ಹೊತ್ತಿಸಿದ ಹೊಸ ಬೆಂಕಿಯನ್ನು ಕಂದೀಲಿನಲ್ಲಿ ತಂದ ಮೇಲೆಯೇ ಮತ್ತೆ ಒಲೆ. ಒಂದು ವರ್ಷವೂ ತಪ್ಪಿದ್ದಿಲ್ಲ.

"ಅತ್ತೆ, ಆ ದೀಪ ಒಂದು ಇರ್ಲಿ. ಆರಿಸಿದ್ರೆ ಒಳಗೇ ಸತ್ತೋಯ್ತವೆ."

ಆ ವರ್ಷವೂ ಶುಕ್ರವಾರ ಬೆಳಗ್ಗೆ ಒಲೆ ಆರಿಸಿ ಬಂದ ಅಮಲಮೇರಿ ಕೋಣೆಯ ಬಾಗಿಲತ್ತ ನೋಡಿದಳು. ಉತ್ತರ ಕೊಟ್ಟವನು ಸಂತಿಯಾಗು: "ಅಮ್ಮ ಹೇಳಿದ್ಮೇಲೆ ಆಯ್ತು. ಆರ್ಸು." ಇಪ್ಪತ್ತೇಳು ದಿನದಲ್ಲಿ ಅವನು ಒಂದು ಮೊಟ್ಟೆಯನ್ನೂ ಮುಟ್ಟಿರಲಿಲ್ಲ.

ಲೂರ್ದುಮೇರಿ ದೀಪ ಆರಿಸಿ, ಮದುವೆಯ ಸೀರೆಯನ್ನೂ ಸೇರಿಸಿ ಇದ್ದಬದ್ದ ಬಟ್ಟೆಯನ್ನೆಲ್ಲ ಪೆಟ್ಟಿಗೆಗೆ ಸುತ್ತಿದಳು.

ಮಧ್ಯಾಹ್ನ ಎಲ್ಲರೂ ಚರ್ಚಿನಿಂದ ಬಂದರು. ಆ ದಿನ ಗಂಟೆ ಬಾರಿಸುವುದಿಲ್ಲ, ಮರದ ಗಿಲಕಿ ಮಾತ್ರ. ಅದೂ ನಿಂತಿತ್ತು. ಹಿಂದಿನ ದಿನದ ತಣ್ಣನೆ ಗಂಜಿಯ ಮುಂದೆ ಮೂವರೂ ಕೂತಿದ್ದಾಗ ಕೋಣೆಯೊಳಗಿಂದ ಸಣ್ಣಗೆ ಕೇಳಿಸಿತು. ಕೀ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಕೀ.

ಅಮಲಮೇರಿಯ ಕೈಯಿಂದ ಬಟ್ಟಲು ಜಾರಿತು.

"ಒಳಗೈತೆ."

"ಏನೂ ಇಲ್ಲ, ಗಂಜಿ ಕುಡೀರಿ. ಈಗ ಮುಚ್ಚಳ ತೆಗೀಬಾರ್ದು," ಎಂದ ಸಂತಿಯಾಗು.

ಅವಳು ಮಗನನ್ನು ದಿಟ್ಟಿಸಿದಳು. "ನಿಮ್ಮಪ್ಪನೂ ಇಂಗೇ ಅಂದ್ರು."

ಎದ್ದು ಹೋಗಿ ಸುತ್ತಿದ್ದ ಸೀರೆಗಳನ್ನು ಕಿತ್ತೆಸೆದಳು, ಮುಚ್ಚಳ ಎತ್ತಿದಳು. ಒಂದೊಂದು ಮೊಟ್ಟೆಯನ್ನೂ ಕಿವಿಗಿಟ್ಟು ಕೇಳಿ ಮಡಿಲಿಗೆ ಹಾಕಿಕೊಂಡಳು. ಹಾಗೆ ಎಷ್ಟು ಹೊತ್ತು ಕೂತಿದ್ದಳೋ. ಹೊತ್ತು ಇಳಿದಂತೆ ಆ ಸದ್ದು ಕ್ಷೀಣವಾಯಿತು.

"ಲೂರ್ದು, ಬೆಂಕಿಪೊಟ್ಟಣ ತಾ."

"ಅತ್ತೆ, ಇವತ್ತು..."

"ಪಾಪ ನಂದು. ತಾ ಅಂದೆ."

ಮೊಟ್ಟೆಗಳು ಮತ್ತೆ ಪೆಟ್ಟಿಗೆ ಸೇರಿದವು. ಆ ಶುಕ್ರವಾರ ಇಡೀ ಮನೆಯಲ್ಲಿ ಉರಿದದ್ದು ಕಾವುಪೆಟ್ಟಿಗೆಯ ದೀಪವೊಂದೇ. ಶನಿವಾರ ಹೊಸ ಬೆಂಕಿ ಮನೆಗೆ ಬರುವ ಹೊತ್ತಿಗೆ ಹನ್ನೊಂದು ಮರಿಗಳು ಹೊರಗಿದ್ದವು. ಆರು ಮೊಟ್ಟೆಗಳು ಸುಮ್ಮನಿದ್ದವು. ಒಂದರ ಚಿಪ್ಪು ಮಾತ್ರ ಕಾಳಿನಷ್ಟು ಒಡೆದು ಅಲ್ಲೇ ನಿಂತುಬಿಟ್ಟಿತ್ತು, ಒಳಗಿಂದ ಕೂಗು. ಅಮಲಮೇರಿ ಉಗುರಿನಿಂದ ಚಿಪ್ಪನ್ನು ಚೂರುಚೂರಾಗಿ ಬಿಡಿಸಿದಳು. ಒದ್ದೆಮರಿ ಅವಳ ಅಂಗೈಗೆ ಬಿತ್ತು, ಕಣ್ಣು ಬಿಟ್ಟಿತು, ಮೊದಲು ಅವಳ ಮುಖ ನೋಡಿತು. ಅವತ್ತಿನಿಂದ ಅದು ಅವಳ ಬೆನ್ನು ಬಿಡಲಿಲ್ಲ.

ಸಂತಿಯಾಗು ಬೀದಿಯವರಿಂದ ಹೊಗಳಿಸಿಕೊಂಡ. ಹನ್ನೆರಡು ಬಾತುಗಳ ಹೇಸಿಗೆ ಬಳಿಯುವ ಕೆಲಸ ಲೂರ್ದುಮೇರಿಗೆ ಹೊಸದಾಗಿ ಸೇರಿತು. ಕ್ರಿಸ್ಮಸ್ಸಿಗೆ ಕೆಲವು ಸಾರಾದವು. ಅದೊಂದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಅದು ಹಿಂದಿನಿಂದ ಕೂಗಿದಾಗಲೆಲ್ಲ ಅಮಲಮೇರಿ ಹಿಂದಿರುಗಿ ನೋಡದೆ, "ಬಂದೆ ಕಣೇ, ಬಂದೆ" ಎನ್ನುತ್ತಿದ್ದಳು. ಮುಂದೆ ಮುಂದೆ ಹೋಗುತ್ತಲೇ ಹಾಗೆನ್ನುತ್ತಿದ್ದಳು.

ಒಂದು ಸಂಜೆ ಲೂರ್ದುಮೇರಿ ಹಿತ್ತಲಲ್ಲಿ ಬಾತುಗಳ ಮೇಲೆ ಮಂಕರಿ ಕವುಚುತ್ತಿದ್ದಳು. ಅತ್ತೆಯ ಬಾತು ಅವಳ ಕಾಲಬುಡದಲ್ಲೇ ಕೊಕ್ಕನ್ನು ರೆಕ್ಕೆಗೆ ಸಿಕ್ಕಿಸಿ ನಿದ್ದೆಹೋಗಿತ್ತು. ಒಂದೂ ಕೂಗಿರಲಿಲ್ಲ.

ಒಳಗಿಂದ ಅತ್ತೆಯ ದನಿ ಬಂತು. "ಬಂದೆ ಕಣೇ, ಬಂದೆ."

ಲೂರ್ದುಮೇರಿ ಹೇಸಿಗೆ ಕೈಯಲ್ಲೇ ಒಳಗೆ ಓಡಿದಳು. ಅಮಲಮೇರಿ ಕತ್ತಲೆ ಕೋಣೆಯ ನಡುವೆ ನಿಂತು ಮೂಲೆಗೆ ಕಿವಿಗೊಟ್ಟಿದ್ದಳು. ಅಲ್ಲಿ ಟ್ರಂಕಿನ ಬಾಯಿಯಿಂದ ಸೌದೆಚೂರು ಜಾರಿ ಮುಚ್ಚಳ ಬಿದ್ದಿತ್ತು.

ಲೂರ್ದುಮೇರಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮುಚ್ಚಳ ಎತ್ತಿ ಚೂರನ್ನು ಮತ್ತೆ ಸಿಕ್ಕಿಸಿದಳು. ಆಮೇಲೆ, ಯಾಕೋ, ತಾನೂ ಬಗ್ಗಿ ಆ ಸಂದಿಗೆ ಕಿವಿಯಿಟ್ಟಳು.